ಮೂಗಿನ ಹಿಂದಿನ ಖೋಲಿಗಳು

ನನಗ ಸಿಟ್ಟು ಮೂಗಿನ ತುದಿಮ್ಯಾಲೇ ಇರ್ತದ ಅಂತ ಬೀದರ್ ದವಾಖಾನ್ಯಾಗ ಎಲ್ಲಾರಿಗೂ ಗೊತ್ತಿತ್ತು. ಮೂಗಿನ ಡಾಕ್ಟರಿಗಿ ಸಿಟ್ಟು ಮತ್ತೆಲ್ಲಿ ಇರಬೇಕ್ರಿ? ಕಿವಿ, ಮೂಗು, ಗಂಟಲು ಅಂತ ಸರ್ವಿಸ್ ಪೂರಾ ಇಲ್ಲೇ ತೆಗೆದು ಈಗ ಮನ್ಯಾಗ ಕುಂತೇನಿ. ಈ ಕೆಲಸಕ್ಕ ಹೊಸದಾಗಿ ಬಂದ ಹುಡುಗ್ರು, ಹುಡುಗ್ಯಾರು ನೀವು ಮನಿತನಕ ಬಂದು "ಮೇಡಂ, ನಿಮ್ಮ ಅನುಭವ ಹೇಳ್ರಿ" ಅಂತೀರಿ. ಯಾವ ಹುದ್ದಿ ಯಾವಾಗ ಸಿಕ್ತು, ಯಾರು ಶಾಲು ಹೊಚ್ಚಿದ್ರು, ಅದನ್ನೆಲ್ಲಾ ತಗೊಂಡು ನೀವೇನು ಮಾಡ್ತೀರಿ? ನಾ ಭಾಲ್ಕಿಯ ಒಬ್ಬ ಹೆಣ್ಮಗಳ ಎಡಗಣ್ಣಿನ ಸುದ್ದಿ ಹೇಳ್ತೇನಿ. ಆ ಕಣ್ಣು ಹೋಗೇ ಬಿಡೂದಿತ್ತು, ಅದೂ ನಾವೆಲ್ಲಾ ಶಾಣ್ಯಾರು ಮಗ್ಗಲದಾಗ ನಿಂತು ನೋಡ್ಲಿಕ್ಕತ್ತಾಗ. ಆದ್ರ ಅದಕ್ಕ ಮೊದಲ ಮೂಗಿನ ಸುದ್ದಿ ಜರಾ ಹೇಳಬೇಕು.

ಮೂಗು ಅಂದ್ರ ಮಂದಿಗಿ ಎರಡು ಹೊಳ್ಳಿ ಕಾಣ್ತಾವ. ಅದು ಬರೇ ಪಡಸಾಲಿ. ಅದರ ಹಿಂದ ಗಲ್ಲದ ಎಲುಬಿನೊಳಗ, ಹಣಿಯೊಳಗ, ಎರಡೂ ಕಣ್ಣಿನ ನಡುವ, ಅದಕ್ಕೂ ಹಿಂದ ತಲಿಬುಡದಾಗ ಗಾಳಿ ತುಂಬಿದ ಖೋಲಿಗಳು ಅವ. ಸೈನಸ್ ಅಂತೀವಲ್ಲ, ಅವೇ. ಎಡಕ್ಕೊಂದು ಸಾಲು, ಬಲಕ್ಕೊಂದು ಸಾಲು, ಖೋಲಿ ಖೋಲಿಗೂ ಸಣ್ಣ ಕಿಂಡಿ. ಬಾವು ಬಂದು ಕಿಂಡಿ ಮುಚ್ಚಿತು ಅಂದ್ರ ಒಳಗ ಕೀವು ನಿಲ್ತದ. ತಿಂಗಳಗಟ್ಲೆ, ವರ್ಷಗಟ್ಲೆ ತಲಿನೋವು, ಮೂಗಕಟ್ಟು, ಊಟದ ವಾಸನಿ ಸುದ್ದಾ ಗೊತ್ತಾಗೂದಿಲ್ಲ. ಇಂಥ ಹಳೇ ಸೈನಸ್ ರೋಗದವ್ರು ನಮ್ಮ ಕಡೆ ಬೇಕಾದಷ್ಟು ಮಂದಿ ಬರ್ತಿದ್ರು.

ನಮ್ಮ ವಿಭಾಗಕ್ಕ ಒಬ್ರು ದೊಡ್ಡ ಸಾಹೇಬರು. ಹೆಸರು ಹೇಳೂದಿಲ್ಲ, ಬಾಳಿ ಬದುಕಿದ ಮನುಷ್ಯಾ. ಕೈ ಅಂದ್ರ ಬಂಗಾರದ ಕೈ. ಅವರು ಹತಾರ ಹಿಡದ್ರ ರಗತ ಸೈತ ಹೆದರಿ ನಿಲ್ತದ ಅಂತ ನಾವು ನಗತಿದ್ವಿ. ಬಾಯಿ ಮಾತ್ರ ಕೇಳಬ್ಯಾಡ್ರಿ. ಅವರದೊಂದು ರೂಲು ಇತ್ತು: "ಮೂಗು ಒಂದು, ಕಡ್ಡಿ ಒಂದು." ಅಂದ್ರ ತುದಿಗಿ ಹತ್ತಿ ಸುತ್ತಿದ ಕಡ್ಡಿ ಒಂದೇ ಒಂದು ತಗೊಂಡು, ಕೈಗಿ ಹತ್ತಿರಾದ ಹೊಳ್ಳ್ಯಾಗ ಆಡಿಸಿ, ಲ್ಯಾಬಿಗಿ ಕಳಸೂದು. ಅಲ್ಲಿ ಯಾವ ಜಂತು ಬೆಳೀತದೋ ಅದಕ್ಕ ತಕ್ಕ ಔಷಧ. ನಾವೆಲ್ಲಾ ಬಲಗೈಯವ್ರು, ಪೇಷಂಟಿನ ಬಲಕ್ಕ ನಿಲ್ಲವ್ರು. ಹಂಗಾಗಿ ಕಡ್ಡಿ ಹೋಗೂದು ಬಲಹೊಳ್ಳಿಗೇ.

ನಾ ಹೊಸಬಿ ಇದ್ದಾಗ ಒಮ್ಮೆ ಕೇಳಿದ್ದೆ. "ಸರ್, ಎಡಗಡಿದೂ ತಗೋಳ್ಳೇನ್ರಿ?"

"ಯಾಕಮ್ಮಾ, ಎಡಗಡಿ ಹೊಳ್ಳಿ ಮಹಾರಾಷ್ಟ್ರದಾಗ ಅದ ಏನು?" ಅಂದ್ರು. ವಾರ್ಡು ಪೂರಾ ನಕ್ತು. ನಾ ಬಲಗಡಿದೊಂದೇ ಕಳಿಸಿದೆ, ಆದ್ರ ಮಾತು ಹೊಟ್ಟ್ಯಾಗ ಉಳೀತು.

ಇನ್ನು ನಮ್ಮ ಮಂದಿದು ಒಂದು ಚಾಳಿ ಕೇಳ್ರಿ. ಬೀಗರು ಬರ್ತಾರಂದ್ರ ಅಂಗಳ ಕಸ ಹೊಡದು, ನೀರಿನ ಥಳಿ ಹೊಡೀತೀವಲ್ಲ, ಹಂಗೇ ದೊಡ್ಡ ಡಾಕ್ಟರಿಗಿ ತೋರಸೂದಕ್ಕ ಮೊದಲ ಮೂಗು ಸಾಫ್ ಮಾಡ್ಕೊಂಡು ಬರ್ತಾರ. ಗಲೀಜು ಮೂಗು ಹ್ಯಾಂಗ ತೋರಸೂದು ಅಂತ ನಾಚಿಕಿ. ಔರಾದ್ ಕಡಿಂದ ಕುರಿ ಕಾಯೂ ಮುದುಕ ಒಬ್ಬ ಬಂದಿದ್ದ. ಕಡ್ಡಿ ಹಾಕಿದ್ರ ಜಾರ್ತದ, ನಿಲ್ಲವಲ್ದು. ಲ್ಯಾಬಿಗಿ ಕಳಿಸಿದ್ದೇ ತಡ, ಅಲ್ಲಿಂದ ಶಾಂತಾ ಫೋನ್ ಹಚ್ಚಿದ್ಳು. ಶಾಂತಾ ಅಂದ್ರ ಜಂತು ಬೆಳೆಸಿ ನೋಡೂ ಲ್ಯಾಬಿನ ಡಾಕ್ಟರು, ನನ್ನ ವಾರಗಿಯಾಕಿ.

"ನೀ ನನಗ ಕಡ್ಡಿ ಕಳಿಸೀಯೋ, ಒಗ್ಗರಣಿ ಕಳಿಸೀಯೋ?"

ಮುದುಕನ್ನ ಕೇಳಿದ್ರ, "ಬಳ್ಳೊಳ್ಳಿ ಹಾಕಿ ಕಾಯಿಸಿದ ಎಣ್ಣಿ ಬಿಟ್ಕೊಂಡು ಬಂದೀನ್ರೆವ್ವಾ, ನಿಮಗ ಕಾಣ್ಲಿಕ್ಕ ಸಲೀಸು ಆಗಲಿ ಅಂತ" ಅಂದ. ಏನಂತ ಬೈತೀರಿ ಇಂಥವನಿಗಿ?

ಕಮಲನಗರದ ಸಾಲಿ ಮಾಸ್ತರರದು ಇನ್ನೊಂದು ನಮೂನಿ. ಅರ್ಧ ಮರಾಠಿ, ಅರ್ಧ ಕನ್ನಡ. "ಮೀಠಾಚ್ಯಾ ಪಾಣ್ಯಾನಿ ಏಕದಂ ಸ್ವಚ್ಛ ಮಾಡ್ಕೊಂಡೇ ಬಂದೀನ್ರಿ ಡಾಕ್ಟರ್ ಬಾಯಿ" ಅಂತ ಎದಿ ಉಬ್ಬಿಸಿ ಹೇಳಿದ್ರು. ಉಪ್ಪುನೀರಿಲೆ ಮೂಗು ತೊಳಕೊಂಡಾರ. ತೊಳ್ಯೂದು ಛಲೋನೇ, ನಾವೇ ಹೇಳ್ತೀವಿ. ಆದ್ರ ಕಡ್ಡಿ ಹಾಕೂ ಮುಂಜಾನಿ ಬ್ಯಾಡ್ರಿ ಮಾರಾಯ್ರಾ! ಲ್ಯಾಬಿನ್ಯಾಗ ಏನೂ ಬೆಳೀಲಿಲ್ಲ. "ಜಂತು ಇಲ್ಲ, ರೋಗನೂ ಇಲ್ಲ" ಅಂತ ಸಾಹೇಬರು ಮನಿಗಿ ಕಳಿಸಿದ್ರು. ಮಾಸ್ತರರು ತಲಿ ಹಿಡ್ಕೊಂಡು ತಿರುಗಿ ತಿರುಗಿ ಬಂದ್ರು. ಕಡೀಕ ಗಲ್ಲದ ಖೋಲಿ ತೆಗೆದು ನೋಡಿದ್ರ ಕೀವು ಹೆಪ್ಪುಗಟ್ಟಿ ಕುಂತಿತ್ತು. ನೀರು ಪಡಸಾಲಿ ತೊಳದಿತ್ತು, ಒಳಗಿನ ಖೋಲಿಗಿ ಹೋಗಿರಲಿಲ್ಲ.

ಈಗ ಜೈನಬ್ ಬೀ ಸುದ್ದಿ.

ಜೈನಬ್ ಬೀ ಭಾಲ್ಕಿ ಪ್ಯಾಟ್ಯಾಗ ಬ್ಲೌಸ್ ಹೊಲೀತಿದ್ಳು. ಗಂಡ ಖಾಸಿಂ ಆಟೋ ಹೊಡೀತಿದ್ದ. ಮನಿ ನಡ್ಯೂದು ಜಾಸ್ತಿ ಅವಳ ಮಶೀನಿನ ಮ್ಯಾಲೇ. ನಾ ಹಲಬರ್ಗಾದಾಕಿ, ನಮ್ಮೂರ ಹೆಣ್ಮಕ್ಕಳೂ ಅವಳ ಹತ್ರಾನೇ ಹೊಲಸ್ತಿದ್ರು, ಅಷ್ಟು ಸಾಫ್ ಕೈ. ಸೈನಸ್ಸು ಅವಳಿಗಿ ಹಳೇ ಬ್ಯಾನಿ. ಬಗ್ಗಿ ಮಶೀನ್ ತುಳದ್ರ ಹಣಿ ಸಿಡೀತದ ಅಂತಿದ್ಳು. ಆ ಸಲ ಬಂದಾಗ ಬಸ್ ಸ್ಟ್ಯಾಂಡ್ ಹತ್ರ ವಜೂ ಮಾಡ್ಕೊಂಡು ಬಂದಿದ್ಳು. ನಮಾಜಿಗಿ ಮೊದಲ ಕೈ, ಬಾಯಿ, ಮೂಗು, ಮಾರಿ ತೊಳಕೋತಾರಲ್ಲ, ಅದು.

"ದವಾಖಾನಿ ಅಂದ್ರ ಜಾನ್ ಕಾ ಮಾಮ್ಲಾ ಅಮ್ಮಾ, ಜೀವದ ಮಾತು, ಪಾಕ್ ಸಾಫ್ ಆಗಿ ಬರಬೇಕಲ್ರಿ" ಅಂದ್ಳು.

ಎಣ್ಣಿ ಮುದುಕ, ಉಪ್ಪಿನ ಮಾಸ್ತರ, ವಜೂ ಮಾಡಿದ ಈಕಿ. ಜಾತಿ ಯಾವುದಾದ್ರೇನು, ಡಾಕ್ಟರಿಗಿ ಮರ್ಯಾದಿ ಕೊಡೂದ್ರಾಗ ಎಲ್ಲಾರೂ ಒಂದೇ. ರೂಲಿನ ಪ್ರಕಾರ ಒಂದು ಕಡ್ಡಿ, ಬಲಹೊಳ್ಳಿದು, ಲ್ಯಾಬಿಗಿ ಹೋತು. ಅಲ್ಲಿ ಎಲ್ಲಾರ ಮೂಗಿನ್ಯಾಗ ಸಿಗೂ ಸಾದಾ ಜಂತು ಬೆಳೀತು. ಸೂಕ್ಷ್ಮದರ್ಶಕದಾಗ ದ್ರಾಕ್ಷಿ ಗೊಂಚಲದಂಗ ಕಾಣ್ತದ, ದುಂಡ ದುಂಡಗ. ಅದಕ್ಕ ಗುಳಿಗಿ ಬರದು ಕಳಿಸಿದ್ರು.

ಗುಳಿಗಿ ಇನ್ನೂ ಮುಗಿದಿರಲಿಲ್ಲ, ಖಾಸಿಂ ತನ್ನ ಆಟೋದಾಗೇ ಆಕಿನ್ನ ಭಾಲ್ಕಿಲಿಂದ ಬೀದರ್‌ತನಕ ತಂದ. ಎಡಗಣ್ಣಿನ ರೆಪ್ಪಿ ಊದಿ ಬದನಿಕಾಯಿ ಆಗೇದ. ಜ್ವರ. ಕಣ್ಣು ತೆರೀಲಿಕ್ಕ ಬರವಲ್ದು. ಸ್ಕ್ಯಾನ್ ಮಾಡಿಸಿದ್ವಿ. ಹಣಿಯೊಳಗ, ಬಲಗಲ್ಲದ ಖೋಲಿಯೊಳಗೂ ಕೀವು ಕಂಡಿತು. ಎಡಗಡಿ ಮೂಗಿಗೂ ಕಣ್ಣಿಗೂ ನಡುವಿನ ಖೋಲಿಯ ಗ್ವಾಡಿ ಹಾಳಿಯಷ್ಟು ತೆಳ್ಳಗ ಇರ್ತದ್ರಿ. ಅದನ್ನ ದಾಟಿ ಕೀವು ಕಣ್ಣಿನ ಮಗ್ಗಲಿಗಿ ಬಂದು ಕುಂತಿತ್ತು. ಇನ್ನೂ ಒತ್ತಿತು ಅಂದ್ರ ಕಣ್ಣಿನ ನರ ಸಾಯ್ತದ, ಒಮ್ಮೆ ಸತ್ತ ನರ ಮತ್ತ ಏಳೂದಿಲ್ಲ. ಮ್ಯಾಲಕ್ಕ ಹೋತಂದ್ರ ಮೆದುಳು.

ಸಾಹೇಬರು ಸ್ಕ್ಯಾನ್ ನೋಡಿದ್ರು. "ಕಣ್ಣಿನ ಮಗ್ಗಲಿನ ಕೀವು ಭಾಳ ಇಲ್ಲ. ಲ್ಯಾಬ್ ರಿಪೋರ್ಟ್ ಅದ ಅಲ್ಲ, ಅದೇ ಔಷಧ ಇಂಜೆಕ್ಷನ್‌ನ್ಯಾಗ ಹಚ್ರಿ. ನಾಳಿಗಿ ನೋಡೋಣು. ಕಣ್ಣಿನ ಹತ್ರ ಸುಮ್‌ಸುಮ್ನ ಕತ್ರಿ ಹಾಕಬಾರದು."

ಅವರ ಮಾತು ಪೂರಾ ತಪ್ಪಲ್ರಿ. ಔಷಧದ ಮ್ಯಾಲೇ ಇಳ್ಯೂ ಬಾವು ನಾ ಬೇಕಾದಷ್ಟು ನೋಡೀನಿ. ಆದ್ರ ಈಕಿ ಅದೇ ಔಷಧದ ಗುಳಿಗಿ ನುಂಗ್ತಾ ನುಂಗ್ತಾ ಊದ್ಕೊಂಡು ಬಂದಾಳ! ಮಂಚದ ಹತ್ರ ಹೋಗಿ ಕುಂತೆ. ಕಣ್ಣಿನ ನರಕ್ಕ ಧಕ್ಕಿ ಹತ್ತಿತು ಅಂದ್ರ ಎಲ್ಲಾದಕ್ಕಿಂತ ಮೊದಲ ಮಾಸೂದು ಕೆಂಪು ಬಣ್ಣ. ಅಕ್ಷರ ಓದ್ತಾರ, ಬೆರಳು ಎಣಸ್ತಾರ, ಕೆಂಪು ಮಾತ್ರ ಮಬ್ಬಾಗ್ತದ. ಪರೀಕ್ಷಾ ಮಾಡ್ಲಿಕ್ಕ ಕೆಂಪಂದು ಏನಾರೆ ಬೇಕಿತ್ತು. ಆಕಿ ತಲಿದಿಂಬಿನ ಹತ್ರ ಬಟ್ಟಿ ಚೀಲ ಇತ್ತು. ಚೀಲದಾಗ ಬಣ್ಣಬಣ್ಣದ ದಾರದ ಉಂಡಿ; ಕೆಂಪಂದು ತೆಗೆದು ಹಿಡದೆ.

"ಜೈನಬ್ ಬೀ, ಎಡಗಣ್ಣು ಮುಚ್ಚು. ಇದು ಯಾವ ಬಣ್ಣ?"

"ಲಾಲ್ ಅಲ್ರಿ ಅಮ್ಮಾ. ನಂದೇ ದಾರ, ನನಗ ಕೇಳ್ತೀರಲ್ಲ."

ನಾನೇ ಬೆರಳಿಲೆ ಎಡಗಣ್ಣಿನ ರೆಪ್ಪಿ ಎತ್ತಿ ಹಿಡದು ಬಲಗಣ್ಣು ಮುಚ್ಚಿಸಿದೆ. "ಈಗ?"

ಆಕಿ ಮಾರಿ ಉಂಡಿ ಹತ್ರ ತಂದ್ಳು. ಆಮ್ಯಾಲ ಅಂದ್ಳು, "ಉಂಡಿ ಬದಲ್ ಮಾಡೀರೇನ್ರಿ?"

"ಇಲ್ಲ, ಅದೇ ಉಂಡಿ."

"ಇದು ಒಗದು ಒಗದು ಮಾಸಿದ ಕೆಂಪು, ಅಮ್ಮಾ. ಇಂಥ ದಾರ ನಾ ಅಂಗಡ್ಯಾಗ ಇಡೂದಿಲ್ಲ."

ಆಕಿಗಿ ಏನೂ ತಿಳೀಬಾರದು ಅಂತ ನಕ್ಕೆ. ನಗಿ ಹ್ಯಾಂಗ ಕಂಡಿತೋ ಏನೋ, ಖಾಸಿಂ ಎದ್ದು ನಿಂತ.

ಸಾಹೇಬರು ಚಹಾ ಕುಡೀತಾ ಕುಂತಿದ್ರು. "ಸರ್, ನಾಳಿತನಕ ಕಾಯೂಹಂಗಿಲ್ಲ. ಎಡಗಣ್ಣಿಗಿ ಕೆಂಪು ಮಾಸ್ಯಾದ" ಅಂದೆ. "ದಾರ ತೋರಿಸಿ ಆಪರೇಷನ್ ಮಾಡ್ತೀಯೇನು?" ಅಂದ್ರು. ನನಗ ಸಿಟ್ಟು ನೆತ್ತಿಗೇರಿತು. "ನೀವೇ ಬಂದು ತೋರಸ್ರಿ ಸರ್. ಎಡಗಣ್ಣಿಲೆ ನೋಡಿ ಆಕಿ ಲಾಲ್ ಅಂದ್ರ ನಾ ನಿಮ್ಮ ಕಾಲು ಹಿಡೀತೇನಿ" ಅಂತ ಜೋರಾಗೇ ಅಂದೆ. ಎತ್ತು ಏರಿಗಿ, ಕೋಣ ನೀರಿಗಿ ಅನ್ನೂಹಂಗ ಆಗಿತ್ತು ನಮ್ಮದು. ಆದ್ರ ಮನುಷ್ಯಾ ಎದ್ದು ಬಂದ್ರು, ಅದನ್ನ ಹೇಳಲೇಬೇಕು. ತಾವೇ ಉಂಡಿ ಹಿಡದು ಒಂದು ಕಣ್ಣಿಗಿ ತೋರಿಸಿದ್ರು, ಇನ್ನೊಂದಕ್ಕ ತೋರಿಸಿದ್ರು. ಆಕಿ ಅದೇ ಮಾತು ಅಂದ್ಳು. ಸಾಹೇಬರ ಮಾರಿ ಬದಲಾತು.

"ಥಿಯೇಟರ್ ರೆಡಿ ಮಾಡಸ್ರಿ" ಅಂದ್ರು.

ನಾ ಅಲ್ಲೇ ಇನ್ನೊಂದು ಮಾತು ತೆಗೆದೆ. "ಸರ್, ಖೋಲಿಗೊಂದು ಬಾಟ್ಲಿ ಇಡ್ತೇನಿ. ಎಡಗಡಿ ಕಣ್ಣಿನ ಹತ್ರದ್ದು ಬ್ಯಾರೆ, ಹಣಿದು ಬ್ಯಾರೆ, ಬಲಗಡಿ ಗಲ್ಲದ್ದು ಬ್ಯಾರೆ."

"ಕಣ್ಣು ಹೋಗ್ಲಿಕ್ಕತ್ತದ, ಈಕಿಗಿ ಬಾಟ್ಲಿ ಚಿಂತಿ!"

"ಔಷಧ ತಪ್ಪಿತಂದ್ರ ನೀವು ಎಷ್ಟು ಛಲೋ ಕೊಯ್ದ್ರೂ ಮತ್ತ ತುಂಬತದ್ರಿ ಸರ್."

ಅವರು ಕೈ ತೊಳೀಲಿಕ್ಕ ಹೋದ್ರು. ಅವರು ಬೈಲಿಲ್ಲ ಅಂದ್ರ ಹೂಂ ಅಂದಂಗ. ನಾ ಶಾಂತಾಗ ಫೋನ್ ಹಚ್ಚಿ ಆಕಿನ್ನೇ ಥಿಯೇಟರ್ ಬಾಗಿಲಿಗಿ ಕರಸಿದೆ. ಅವಸರದಾಗ ಬಾಟ್ಲಿ ಅದಲು ಬದಲಾದ್ರ ಏನು ಗತಿ? ಹಸೀ ಕೈ ತಾಗಿದ್ರ ಶಾಯಿ ಅಳಸ್ತದ. ಅದಕ್ಕ ಜೈನಬ್ ಬೀ ಚೀಲದ್ದೇ ದಾರ ಶಾಂತಾ ಬಾಟ್ಲಿ ಕೊಳ್ಳಿಗಿ ಕಟ್ಟಿದ್ಳು. ಎಡಗಡಿ ಕಣ್ಣಿನ ಮಗ್ಗಲಿನ ಖೋಲಿಗಿ ಕೆಂಪು, ಹಣಿಗಿ ಹಳದಿ, ಬಲಗಲ್ಲಕ್ಕ ನೀಲಿ.

ಥಿಯೇಟರಿನ್ಯಾಗ ಸಾಹೇಬರು ಮೂಗಿನೊಳಗ ದುರ್ಬೀನು ಹಾಕಿ ಎಡಗಡಿ ಹೋದ್ರು. ತೆಳ್ಳನ ಎಲುಬು, ಆಚಿ ಬಾಜೂ ಕಣ್ಣು. ಕೂದಲೆಳಿ ಹೆಚ್ಚುಕಮ್ಮಿ ಆದ್ರ ಉಳಸ್ಲಿಕ್ಕ ಹೋದ ಕಣ್ಣು ನಮ್ಮ ಕೈಲೇ ಹೋಗ್ತದ. ಗ್ವಾಡಿ ತೆಗೀತಿದ್ದಂಗೇ ಕೀವು ಬುಳ್ ಅಂತ ಬಂತು, ಹಸರು ಮಿಶ್ರ, ಎಂಥದೋ ಸಿಹಿವಾಸನಿ. ನಾ ಕೆಂಪು ಬಾಟ್ಲಿ ತುಂಬಿಸಿದೆ. ಬಲಗಲ್ಲದಾಗಿನ ಕೀವು ಹಳದಿ, ಗಟ್ಟಿ, ವಾಸನಿ ಇಲ್ಲ. ಸಾಹೇಬರು ಎರಡೂ ನೋಡಿದ್ರು, ಕೆಲಸ ಮುಂದುವರಿಸಿದ್ರು.

ಆಪರೇಷನ್ ಆತು. ಊದಿದ್ದು ಜರಾ ಇಳೀತು. ಜ್ವರ ಇಳೀಲಿಲ್ಲ. ಸಂಜೀಕ ದಾರ ತೋರಿಸಿದೆ, ಇನ್ನೂ ಮಾಸಿದ ಕೆಂಪೇ. ಅಷ್ಟರಾಗ ಶಾಂತಾ ಲ್ಯಾಬಿಗಿ ಕರೆದ್ಳು. ಬಣ್ಣ ಹಾಕಿ ಗಾಜಿನ ಮ್ಯಾಲ ಹಚ್ಚಿಟ್ಟಿದ್ಳು. ನೀಲಿ ಬಾಟ್ಲಿದು ನೋಡಿದೆ: ದುಂಡನೆ ದ್ರಾಕ್ಷಿ ಗೊಂಚಲು, ರಿಪೋರ್ಟಿನ್ಯಾಗ ಇದ್ದದ್ದೇ. ಕೆಂಪು ಬಾಟ್ಲಿದು ನೋಡಿದೆ: ಒಂದೂ ದುಂಡಂದು ಇಲ್ಲ. ಎಲ್ಲಾ ಉದ್ದನ್ನ ಕಡ್ಡಿಕಡ್ಡಿ ಜಂತು. ಹಣಿಯೊಳಗಿಂದು ಎರಡೂ ಮಿಶ್ರ.

ಸಾಹೇಬರೂ ಬಂದು ಕಣ್ಣು ಹಚ್ಚಿದ್ರು. "ಹೊರಗಿಂದು ಬೆರತಿರಬೇಕು. ಒಂದ ಮೂಗಿನ್ಯಾಗ ಇಷ್ಟು ನಮೂನಿ ಹ್ಯಾಂಗ ಬೆಳೀತದ?"

ಶಾಂತಾ ಮೆತ್ತಗ ಮಾತಾಡೂ ಹೆಣ್ಮಗಳು. "ಜನವಾಡದಾಗ ನಿಮ್ಮ ಹೊಲ ಅದ ಅಲ್ರಿ ಸಾಹೇಬ್ರ. ಬದುವಿನ ಆಚಿ ತೊಗರಿ, ಈಚಿ ಜ್ವಾಳ ಬೆಳ್ಯೂದಿಲ್ಲೇನು? ಭೂಮಿ ಒಂದೇ ಅದ."

ಈಗ ನೋಡ್ರಿ ಪೇಚು. ಹಚ್ಚಿದ ಔಷಧ ದ್ರಾಕ್ಷಿ ಜಂತಿಗಿ ಬರೋಬ್ಬರಿ, ಕಡ್ಡಿ ಜಂತಿಗಿ ಅದು ನೀರು ಕುಡಿಸಿದಂಗ. ಕಡ್ಡಿ ಜಂತಿಗಿ ಬೇಕಾದ ಔಷಧ ಬಿರುಸು, ಮೂತ್ರಪಿಂಡಕ್ಕ ಹೊಡೀತದ. ಬೆಳೆದು ಪಕ್ಕಾ ಹೆಸರು ಗೊತ್ತಾಗತನಕ ಕಾದ್ರ ಕಣ್ಣು ಕಾಯೂದಿಲ್ಲ. ಕೈಯಾಗಿನ ರಿಪೋರ್ಟ್ ಬಿಟ್ಟು, ಗಾಜಿನ ಮ್ಯಾಲಿನ ಒಂದು ಬಣ್ಣದ ಕಲಿ ನಂಬಿ ಔಷಧ ಬದಲಿಸಬೇಕು. ತಪ್ಪಿದ್ರ ಸಾಹೇಬರ ತಲಿಮ್ಯಾಲೇ ಬರ್ತದ. ಅವರು ಕಿಟಕಿ ಹತ್ರ ಹೋಗಿ ನಿಂತ್ರು. ಅವರ ಬೆನ್ನು ನೋಡ್ತಾ ನಾ ಎಲ್ಲಾ ದೇವರಿಗೂ ಕೈ ಮುಗದೆ, ಖರೇ ಹೇಳ್ತೇನಿ.

ತಿರುಗಿ ಅಂದ್ರು, "ಬದಲಿಸ್ರಿ. ಮೂತ್ರಪಿಂಡದ ಕಡಿ ನಾ ನೋಡ್ಕೋತೀನಿ."

ವಾರ್ಡಿನ ಬಾಗಲದಾಗ ಖಾಸಿಂ ಅಡ್ಡ ನಿಂತ. "ಆಂಖ್ ಬಚ್ತೀ ನಾ, ಡಾಕ್ಟರ್ ಅಮ್ಮಾ? ಕಣ್ಣು ಉಳೀತದಲ್ರಿ?" ಅಂದ. "ದಾರ ಹೇಳ್ತದಪ್ಪಾ" ಅಂದೆ. ಅವ ಪಾಪ, ಏನು ತಿಳ್ಕೊಂಡನೋ, ಕೆಂಪು ಉಂಡಿ ಕೈಯಾಗ ಹಿಡ್ಕೊಂಡೇ ಕುಂತ.

ಆಣಿ ಮಾಡಿ ಹೇಳ್ತೇನಿ, ಮುಂದಿನ ಆ ದಿನಗಳಾಗ ಆದಷ್ಟು ಹೆದರಿಕಿ ನನಗ ಹಿಂದೂ ಆಗಿರಲಿಲ್ಲ, ಮುಂದೂ ಆಗಲಿಲ್ಲ. ಶಾಂತಾನ ಲ್ಯಾಬಿನ ಗಾಜಿನ ತಟ್ಟ್ಯಾಗ ಕಡ್ಡಿ ಜಂತು ಹಸರಾಗಿ ಬೆಳೀತು, ನಾವು ಹಚ್ಚಿದ ಔಷಧಕ್ಕೇ ಸಾಯ್ತದ ಅಂತ ಪಕ್ಕಾ ಆತು. ಜ್ವರ ಇಳೀತು. ರೆಪ್ಪಿ ತಾನಾಗೇ ತೆರೀತು. ಆದ್ರ ದಾರ ಕೇಳಿದ್ರ ಜೈನಬ್ ಬೀ ಯೋಚನಿ ಮಾಡ್ತಿದ್ಳು. "ಮೊದಲಿಗಿಂತ ಛಲೋ. ಆದ್ರ ಬಲಗಣ್ಣಿನ ಲಾಲ್ ಬ್ಯಾರೆ, ಎಡಗಣ್ಣಿನ ಲಾಲ್ ಬ್ಯಾರೆ ಅಮ್ಮಾ." ಸುಳ್ಳು ಹೇಳಿ ನನಗ ಸಮಾಧಾನ ಮಾಡೂ ಪೈಕಿ ಅಲ್ಲ ಆಕಿ. ಮನಿಗಿ ಹೋಗೂ ದಿನಾನೂ ಎರಡೂ ಕೆಂಪು ಒಂದಾಗಿರಲಿಲ್ಲ. ನರ ಎಷ್ಟು ಸತ್ತದ, ಎಷ್ಟು ಉಳದದ, ಮುಂದ ಕಾಲವೇ ಹೇಳಬೇಕು ಅಂತ ಕಣ್ಣಿನ ಡಾಕ್ಟರು ಅಂದ್ರು. ಆಟೋ ಗೇಟು ದಾಟಿ ಹೋಗೂತನಕ ನಾ ವರಾಂಡದಾಗೇ ನಿಂತಿದ್ದೆ.

ಆಮ್ಯಾಲ ನಮ್ಮಲ್ಲಿ ರೂಲು ಬದಲಾತು. "ಖೋಲಿಗೊಂದು ಬಾಟ್ಲಿ" ಅಂತ ಸಾಹೇಬರು ಹೊಸಾ ಹುಡುಗ್ರಿಗಿ ಬೈದು ಬೈದು ಕಲಿಸಿದ್ರು, ಅವರ ಮುತ್ಯಾನ ಕಾಲದಿಂದ ಬಂದ ರೂಲಿನಂಗ! ನಾನೂ ಶಾಂತಾನೂ ಮಾರಿ ಮಾರಿ ನೋಡ್ಕೊಂಡು ನಗತಿದ್ವಿ. "ಮೂಗು ತೊಳಕೊಂಡು ಬರಬ್ಯಾಡ್ರಿ" ಅಂತ ಬಾಗಲಕ್ಕ ಕನ್ನಡದಾಗ, ಉರ್ದುದಾಗ, ಮರಾಠಿದಾಗ ಬರಿಸಿದ್ವಿ. ಈಗ ಜಂತು ಬೆಳೆಸದೇ ಅದರ ವಂಶವಾಹಿ ಓದಿ ಯಾವ ಯಾವ ಜಂತು ಒಳಗ ಅವ ಅಂತ ಹೇಳೂ ಮಶೀನು ದೊಡ್ಡ ಊರಿನ್ಯಾಗ ಬಂದಾವ. ಕೆಲವರ ಎಲ್ಲಾ ಖೋಲಿಯೊಳಗೂ ಒಂದೇ ಬಳಗ ಇರ್ತದ. ಕೆಲವರದು ಮಗ್ಗಲ ಖೋಲಿಗಿ ಮಗ್ಗಲ ಖೋಲಿ ಸಂಬಂಧಿಲ್ಲ. ಯಾರದು ಹ್ಯಾಂಗ ಅಂತ ಮಾರಿ ನೋಡಿ ಹೇಳ್ಲಿಕ್ಕ ಬರೂದಿಲ್ಲ. ಅದಕ್ಕ ಕೇಳ್ರಿ, ನೋಡ್ರಿ, ಎರಡೂ ಕಡಿ ನೋಡ್ರಿ. ಬೈಸ್ಕೊಂಡ್ರ ಬೈಸ್ಕೋರಿ.

ಜೈನಬ್ ಬೀ ತಪಾಸಣಿಗಿ ಬರೂದು ಮೆಲ್ಲಕ ಕಮ್ಮಿ ಆತು. ಬಂದಾಗೊಮ್ಮೆ ದಾರ ಕೇಳಿದ್ರ, "ಆಗ್ತದ ಆಗ್ತದ" ಅಂತಿದ್ಳು. ಆಮ್ಯಾಲ ಬರೂದೇ ಬಿಟ್ಳು. ಭಾಲ್ಕಿಗಿ ಹೋದವ್ರು "ಆಕಿ ಅಂಗಡಿ ಬಾಗಲ ಮುಚ್ಚೇದ" ಅಂದ್ರು. ಕಣ್ಣು ಹೋತೇನೋ ಅಂತ ನನ್ನ ಮನಸ್ಸು ಕೊರೀತಿತ್ತು, ಫೋನ್ ಹಚ್ಚಿ ಕೇಳ್ಲಿಕ್ಕ ಧೈರ್ಯ ಇಲ್ಲ. ನಾ ಮನ್ಯಾಗ ಕುಂತ ಮ್ಯಾಲ ಒಂದು ಮುಂಜಾನಿ ಬಾಗಲದಾಗ ಆಟೋ ನಿಂತಿತು. ಖಾಸಿಂ, ಹಿಂದ ಆಕಿ. ಅಂಗಡಿ ಬ್ಯಾರೆ ಗಲ್ಲಿಗಿ ಬದಲಾಗಿತ್ತಂತ, ಅಷ್ಟೇ. ನಾ ಬೈಲಿಕ್ಕ ಬಾಯಿ ತೆರೆಯೂದ್ರಾಗ ಆಕಿ ನನ್ನ ಕೈಯಾಗ ಒಂದು ಹಸರು ಬ್ಲೌಸ್ ಇಟ್ಳು.

"ಒಳಗ ತಿರುವಿ ನೋಡ್ರಿ ಅಮ್ಮಾ. ಬಲಗಡಿ ಹೊಲಿಗಿ ಎಡಗಣ್ಣು ಮುಚ್ಚಿ ಹೊಲ್ದೀನಿ. ಎಡಗಡಿ ಹೊಲಿಗಿ ಬಲಗಣ್ಣು ಮುಚ್ಚಿ ಹೊಲ್ದೀನಿ. ಎಲ್ಲಿ ಓರೆ ಅದ, ಹುಡುಕ್ರಿ."

ಹಸರು ಬಟ್ಟಿ ಒಳಗ ಎರಡೂ ಕಡಿ ಕೆಂಪು ದಾರ. ಚಸ್ಮಾ ಹಾಕ್ಕೊಂಡು, ಬೆಳಕಿಗಿ ಹಿಡದು, ಹೊಲಿಗಿ ಗುಂಟ ಬೆರಳಾಡಿಸಿ ಹುಡುಕಿದೆ. ಓರೆ ಸಿಗಲಿಲ್ಲ. ನನ್ನ ಕಣ್ಣಾಗ ನೀರು ಬಂದು ಆಮ್ಯಾಲ ಕಾಣಲೂ ಇಲ್ಲ.

"ದಾರದ ಬಣ್ಣ ಹ್ಯಾಂಗ ಅದ?" ಅಂತ ಕೇಳಿದೆ.

ಆಕಿ ಮೊದಲ ಎಡಗಣ್ಣು, ಆಮ್ಯಾಲ ಬಲಗಣ್ಣು ಕೈಲೆ ಮುಚ್ಕೊಂಡು ನೋಡಿದ್ಳು. "ಎರಡೂ ಲಾಲ್ ಒಂದೇ ಅಮ್ಮಾ" ಅಂದ್ಳು.